ಮುದಿ ಹೋತಿನ ಗಂಟಲು

4 ಮಾರ್ಚ್ 1974, ಸೋಮವಾರ

ಔಷಧ ಕಂಪನಿಯ ಏಜೆಂಟನೊಬ್ಬ ನಮ್ಮ ಡಾಕ್ಟರ್ ಗಲಗಲಿ ಸಾಹೇಬರಿಗೆ ಕೊಟ್ಟ ಡೈರಿ ಇದು. ಸಾಹೇಬರಿಗೆ ಈ ವರ್ಷ ಇಂಥವು ಐದು ಬಂದವು. ಅದರಲ್ಲಿ ರಟ್ಟು ಸೊಟ್ಟಗಿರುವುದನ್ನು ಆರಿಸಿ, ದಾನಶೂರನ ಮುಖ ಮಾಡಿ ಇವತ್ತು ನನ್ನ ಕೈಗಿಟ್ಟರು. ಮೊದಲ ಪುಟದಲ್ಲಿ ಹೆಸರು, ಉದ್ಯೋಗ, ವಿಳಾಸ, ಬೂಟಿನ ಅಳತೆ ಎಲ್ಲ ಕೇಳಿದ್ದಾರೆ. ತುಂಬಿದ್ದೇನೆ: ಅಣವೀರಪ್ಪ, ಇಂಡಿ ತಾಲೂಕಿನವನು. ಪಿಎಚ್.ಡಿ. ವಿದ್ಯಾರ್ಥಿ, ಅಂದರೆ ಉದ್ಯೋಗವಿಲ್ಲ. ಕುರ್ಲಾದ ಚಾಳಿನಲ್ಲಿ ಒಂದು ಖೋಲಿ, ಅದರಲ್ಲಿ ಮೂರು ಜನ. ಬೂಟಿಲ್ಲ.

ಯಾರೂ ಓದದ ಪುಸ್ತಕವಾದ್ದರಿಂದ ಇಲ್ಲಿ ನಿಜ ಬರೆಯಬಹುದು. ಘಾಟ್ಕೋಪರಿನಲ್ಲಿ ಗಿರಣಿ ಮಾಲೀಕನೊಬ್ಬನ ಹಳೇ ಬಂಗಲೆಯಲ್ಲಿ ನಮ್ಮ ಸಂಶೋಧನ ಸಂಸ್ಥೆ. ನಮ್ಮ ಲ್ಯಾಬಿನ ಕೆಲಸವೆಲ್ಲ ಥೈಮಸ್ ಎಂಬ ಗ್ರಂಥಿಯ ಮೇಲೆ. ಎಳೆಯ ಆಡುಮರಿಯ ಎದೆ-ಕೊರಳಿನ ಹತ್ತಿರ ಅದು ಇರುತ್ತದಂತೆ. 'ಅಂತೆ' ಯಾಕೆಂದರೆ ನಮ್ಮಲ್ಲಿ ಯಾರೂ ಅದನ್ನು ಕಣ್ಣಾರೆ ಕಂಡಿಲ್ಲ. ಸಾಹೇಬರು ವೈಷ್ಣವರು, ನಾನು ಲಿಂಗಾಯತ. ಅಟೆಂಡರ್ ಸಾಯಬಣ್ಣ ದೇವನಾರ್ ಕಸಾಯಿಖಾನೆಯಿಂದ ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿ ಅದನ್ನು ತರುತ್ತಾನೆ. ಹಿಂದಿನ ವರಾಂಡದಲ್ಲಿ ಕೂತು ಹೆಚ್ಚಿ, ಅರೆದು, ಗುಲಾಬಿ ಬಣ್ಣದ ಚಟ್ನಿ ಮಾಡಿ ಬೀಕರಿನಲ್ಲಿ ಒಳಗೆ ಕೊಡುತ್ತಾನೆ. ಅಷ್ಟರಲ್ಲಿ ಸಾಹೇಬರು ಎರಡು ಊದಿನಕಡ್ಡಿ ಹಚ್ಚಿರುತ್ತಾರೆ. ಹೊಸ್ತಿಲು ದಾಟಿದ ಮೇಲೆ ಅದು ಮಾಂಸವಲ್ಲ, ವಿಜ್ಞಾನ.

ಈ ಚಟ್ನಿಯಿಂದ ನಾವು ತೆಗೆಯುವುದು ಹಿಸ್ಟೋನ್ ಎಂಬ ಪ್ರೋಟೀನು. ಖೋಲಿಯ ಗೆಳೆಯರು ಕೇಳಿದಾಗ ಹೀಗೆ ಹೇಳುತ್ತೇನೆ: ಕಣ್ಣಿನ ಕೋಶಕ್ಕೂ ಕರುಳಿನ ಕೋಶಕ್ಕೂ ದೇವರು ಕೊಟ್ಟ ಪುಸ್ತಕ ಒಂದೇ. ಆದರೆ ಕಣ್ಣು ಓದುವ ಪುಟ ಬೇರೆ, ಕರುಳು ಓದುವ ಪುಟ ಬೇರೆ. ಯಾವ ಪುಟ ಓದಬೇಕು, ಯಾವುದು ಬೇಡ ಅಂತ ಹೇಳುವವರು ಯಾರು? ಆ ಪುಸ್ತಕಕ್ಕೆ ಹಿಸ್ಟೋನ್ ಮೆತ್ತಿಕೊಂಡಿರುತ್ತದೆ, ಹಿಸ್ಟೋನಿನ ಮೇಲೆ ಮೀಥೈಲ್ ಎಂಬ ಪುಟ್ಟ ಗುರುತು ಕೂರುತ್ತದೆ. ಒಂದು ಇಂಗಾಲ, ಮೂರು ಹೈಡ್ರೋಜನ್, ಅಷ್ಟೇ. ಅದು ಕೂತರೆ ಪುಟ ತೆರೆಯುತ್ತದೋ ಮುಚ್ಚುತ್ತದೋ ಜಗತ್ತಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಒಂದು ಮಾತ್ರ ಖರೆ: ಅಕ್ಷರ ಒಂದೂ ಅಳಿಯುವುದಿಲ್ಲ. ಸಾಲಿ ಹುಡುಗರು ಎರಡು ಹಾಳೆಯನ್ನು ಗೋಂದು ಹಚ್ಚಿ ಅಂಟಿಸಿದ ಹಾಗೆ. ಒಳಗೆ ಎಲ್ಲ ಇದ್ದೇ ಇರುತ್ತದೆ, ಓದಲು ಬರುವುದಿಲ್ಲ.

ಒಮ್ಮೆ ಕೂತ ಗುರುತು ಎದ್ದು ಹೋಗುತ್ತದೆಯೇ? ಹೋಗುವುದಿಲ್ಲ ಅನ್ನುತ್ತಾರೆ ಪರದೇಶದವರು. ಹೋಗುತ್ತದೆ ಅನ್ನುತ್ತಾರೆ ನಮ್ಮ ಸಾಹೇಬರು. ಎರಡರ ನಡುವೆ ನನ್ನ ಪ್ರಬಂಧ ಸಿಕ್ಕಿಕೊಂಡಿದೆ. ಡಿಸೆಂಬರಿಗೆ ಫೆಲೋಶಿಪ್ ಮುಗಿಯುತ್ತದೆ. ಅಷ್ಟರಲ್ಲಿ ಸಾಹೇಬರ ಸಹಿ ಬೀಳದಿದ್ದರೆ ಇಂಡಿಯ ಹೈಸ್ಕೂಲಿನಲ್ಲಿ ಕಪ್ಪೆ ಕೊಯ್ಯುವ ಮಾಸ್ತರಿಕೆಯೇ ಗತಿ.

ಇವತ್ತು ವರಾಂಡದಲ್ಲಿ ಸಾಯಬಣ್ಣ ತಡೆದು ನಿಲ್ಲಿಸಿದ.

"ಅಣ್ಣಾರ, ಒಂದ್ ಮಾತ್ರಿ. ಇದು ಎಳೀ ಮರೀದಲ್ರೀ. ಮುದಿ ಹೋತಿನ ಗಂಟಲದಾಗಿನ ಗಂಟು. ನಮ್ಮ ಮನೀಯಾಕಿ ಹಾಲವ್ವ ಇಂಥಾದ್ದು ಸಿಕ್ರ ನಾಯಿಗಿ ಒಗೀತಾಳ."

ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ನನಗ್ಯಾಕ ಹೇಳ್ತಿಯೋ? ಸಾಹೇಬರಿಗೆ ಹೇಳು" ಅಂದೆ.

"ಹೇಳೀನ್ರೀ, ಹೋದ ವರ್ಷನ. 'ನೀ ತರೂದು ತಾ, ಶಾಸ್ತ್ರ ನಮಗ ಬಿಡು' ಅಂದ್ರು."

ನನಗೆ ನಗು ತಡೆಯಲಿಲ್ಲ. ಸಾಹೇಬರ ಮಾತನ್ನು ಮೂಗಿನಿಂದಲೇ ಆಡಿ ತೋರಿಸುತ್ತಾನೆ ಕಿಲಾಡಿ. ಆಮೇಲೆ ಎಂದಿನ ಪ್ರಶ್ನೆ: "ನಮ್ಮ ಕಾಯಂ ಆರ್ಡರು ಬಂತೇನ್ರೀ?" ಆರು ವರ್ಷದಿಂದ ಟೆಂಪರರಿ ಆತ. ಈ ಜೂನಿಗೆ ಆಗೇ ಆಗುತ್ತದಂತೆ. ಕಸಾಯಿಖಾನೆಯ ಶಾಸ್ತ್ರಿ ಅಂತ ಅವನಿಗೊಂದು ಹೆಸರಿಟ್ಟಿದ್ದೇನೆ.

19 ಮಾರ್ಚ್, ಮಂಗಳವಾರ

ಎಣಿಕೆ ಬಿತ್ತು! ವಿಕಿರಣ ಹಾಕಿದ ಮೀಥೈಲನ್ನು ಹಿಸ್ಟೋನಿನ ಮೇಲೆ ಕೂರಿಸಿ ಮೂರು ತಾಸು ಬಿಟ್ಟು ಎಣಿಸಿದರೆ ಅರ್ಧಕ್ಕರ್ಧ ಇಲ್ಲ. ನಾಲ್ಕನೆಯ ಸಲವೂ ಹಾಗೇ. ಸಾಹೇಬರು ಕುರ್ಚಿಯಿಂದ ಎದ್ದು, ಕೂತು, ಮತ್ತೆ ಎದ್ದರು.

"ಅಣವೀರ, ಜಗತ್ತೆಲ್ಲಾ ಹೋಗೂದಿಲ್ಲ ಅಂತದ. ಗುರುತು ಹೋಗತದ ಅಂತ ಘಾಟ್ಕೋಪರಿನಾಗ ಗೊತ್ತಾತು ನೋಡೋ!"

ಬೆಳಿಗ್ಗೆ ಇದೇ ಮನುಷ್ಯನಿಗೆ ಶೀತಕೋಣೆಯ ಬಾಗಿಲು ಮುಚ್ಚುವುದಿಲ್ಲ ಅಂತ ಮೂರನೇ ಸಲ ಹೇಳಿದ್ದೆ. "ನನ್ನ ಗಮನಕ್ಕ ಬಂದಿಲ್ಲ" ಅಂದಿದ್ದರು. ಸಾಹೇಬರ ಗಮನ ಎಂಬುದು ಯಾವ ಊರಿನಲ್ಲಿದೆಯೋ, ಅಲ್ಲಿಗೆ ಯಾವ ಲೋಕಲ್ ರೈಲೂ ಹೋಗುವುದಿಲ್ಲ. ಅವರ ಬಾಗಿಲ ಫಲಕದಲ್ಲಿ ಡಿಗ್ರಿಗಳ ಕೆಳಗೆ ಈ ಮೂರು ಶಬ್ದ ಕೆತ್ತಿಸಬೇಕು.

2 ಏಪ್ರಿಲ್, ಮಂಗಳವಾರ

ಜೂನ್ ಹತ್ತಕ್ಕೆ ಪರದೇಶದ ಪ್ರೊಫೆಸರೊಬ್ಬರು ಬರುತ್ತಾರೆ. ಅವರ ಮುಂದೆ 'ಗಲಗಲಿ ಶೋಧ' ಮಂಡನೆ. ಸಾರಾಂಶ ನಿರ್ದೇಶಕರ ಕಚೇರಿಗೆ ಹೋಯಿತು, ವಾರ್ಷಿಕ ವರದಿಯಲ್ಲಿ ಅಚ್ಚಾಗಲಿದೆ. ನನ್ನ ಹೆಸರು ಎರಡನೆಯದು. ಅಚ್ಚಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ಸಂಜೆ ಹಾಳೆಯ ಮೇಲೆ ಬರೆದು ನೋಡಿದೆ. ಚೆನ್ನಾಗಿ ಕಾಣುತ್ತದೆ.

ಇಷ್ಟು ನಗುವವನು ನಾನು, ಒಂದು ಅಕ್ಷರದ ಆಸೆಗೆ ಹೀಗೆ ಬಾಯಿ ಬಿಡುತ್ತೇನಲ್ಲ, ಥೂ.

9 ಮೇ, ಗುರುವಾರ

ನಿನ್ನೆಯಿಂದ ರೈಲ್ವೆ ಮುಷ್ಕರ. ಕುರ್ಲಾದಿಂದ ಘಾಟ್ಕೋಪರಿನವರೆಗೆ ಹಳಿಯ ಪಕ್ಕದಲ್ಲೇ ನಡೆದುಕೊಂಡು ಹೋದೆ. ವಿದ್ಯಾವಿಹಾರದ ಹತ್ತಿರ ಹೆಂಗಸರು ಹಳಿಯ ಮೇಲೆ ಹಪ್ಪಳ ಒಣಗಿಸಿದ್ದರು.

ಸಾಯಬಣ್ಣ ತಂಗಿಯ ಮಗಳ ಮದುವೆಗೆಂದು ಅಫಜಲಪುರದ ಕಡೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದಾನೆ. ಲ್ಯಾಬಿನಲ್ಲಿ ಚಟ್ನಿ ಇಲ್ಲ. ಜೂನ್ ಹತ್ತು ಬಂದು ತಲೆಯ ಮೇಲೆ ಕೂತಿದೆ. ಸಾಹೇಬರು ನನ್ನನ್ನು ಕರೆದು ಕಿಟಕಿಯ ಕಡೆ ನೋಡುತ್ತ, "ದೇವನಾರ್ ನಿಮ್ಮ ಕುರ್ಲಾಕ್ಕ ಸಮೀಪ ಅಲ್ಲೇನು?" ಅಂದರು. ಬೇರೆ ಏನೂ ಹೇಳಲಿಲ್ಲ. ಕಸಾಯಿಖಾನೆ ಎಂಬ ಶಬ್ದ ಅವರ ಬಾಯಿಂದ ಬರಲೇ ಇಲ್ಲ. ಬ್ರಾಹ್ಮಣರ ನಾಲಿಗೆ ಮಡಿಯಲ್ಲಿ ಉಳಿಯಿತು, ಲಿಂಗಾಯತನ ಕಾಲು ನಾಳೆ ಹೊಲಸಾಗುತ್ತದೆ.

10 ಮೇ, ಶುಕ್ರವಾರ

ಬೆಳಗಿನ ಬಸ್ಸಿಗೆ ದೇವನಾರ್. ಕೊರಳಿನ ಕರಡಿಗೆಯನ್ನು ಅಂಗಿಯೊಳಗೆ ಇನ್ನೂ ಕೆಳಕ್ಕೆ ತಳ್ಳಿಕೊಂಡೆ, ಒಳಗಿನ ಲಿಂಗಕ್ಕೆ ಏನೂ ಕಾಣಬಾರದು ಅನ್ನುವ ಹಾಗೆ. ಗೇಟಿನಲ್ಲಿ ಸಾಯಬಣ್ಣನ ಹೆಸರು ಹೇಳಿದ ಕೂಡಲೇ ಒಳಗೆ ಬಿಟ್ಟರು. ನಮ್ಮ ಸಂಸ್ಥೆಯ ಹೆಸರು ಹೇಳಿದ್ದರೆ ಅಲ್ಲೇ ನಿಲ್ಲಬೇಕಿತ್ತು.

ಹನೀಫ್ ಭಾಯಿ ಅಂತ, ಗಡ್ಡಕ್ಕೆ ಮೆಹಂದಿ ಹಚ್ಚಿದ ಹಿರಿಯ ಕಟುಕ. "ಸಾಯಬಣ್ಣ ಕಿಧರ್ ಹೈ?" ಅಂತ ಕೇಳಿದ. ಊರಿಗೆ ಹೋದ, ಗಾಡಿ ಇಲ್ಲ ಅಂದೆ. ನಾನು ಹೇಳುವ ಮೊದಲೇ ನೇತುಹಾಕಿದ ಮುದಿ ಹೋತಿನ ದವಡೆಯ ಕೆಳಗಿನಿಂದ ಕಂದು ಗಂಟೊಂದನ್ನು ಸರಕ್ಕನೆ ಕೊಯ್ದು ನನ್ನ ಥರ್ಮಾಸಿಗೆ ಹಾಕಿದ.

"ಥೈಮಸ್?" ಅಂದೆ.

"ವೋ ಸಬ್ ನಹೀ ಮಾಲೂಮ್. ಥೂಕ್ ಕಾ ಗೋಲಾ ಹೈ ಯೇ."

ಉಗುಳಿನ ಗಂಟು! ಕೇಳಿ ಕೇಳಿ ತಿಳಿದದ್ದು ಇಷ್ಟು: ಎರಡು ವರ್ಷದ ಹಿಂದೆ ಸಾಹೇಬರು ಸಾಯಬಣ್ಣನನ್ನು ಕಳಿಸುವಾಗ ಆ ವಸ್ತುವಿನ ಹೆಸರು ಬಾಯಲ್ಲಿ ಆಡಲಾರದೆ ತಮ್ಮ ಗಂಟಲ ಮೇಲೆ ಬೆರಳಿಟ್ಟು ತೋರಿಸಿದ್ದರು. ಸಾಯಬಣ್ಣ ಇಲ್ಲಿ ಬಂದು ತನ್ನ ಗಂಟಲ ಮೇಲೆ ಬೆರಳಿಟ್ಟ. ಹನೀಫ್ ಭಾಯಿ ಬೆರಳಿನ ಕೆಳಗೆ ಏನಿರುತ್ತದೋ ಅದನ್ನು ಕೊಯ್ದು ಕೊಟ್ಟ. ಆಮೇಲೆ ಅದು ವರಾಂಡದಲ್ಲಿ ಚಟ್ನಿಯಾಗಿ, ಊದಿನಕಡ್ಡಿಯ ಹೊಗೆಯಲ್ಲಿ ಒಳಗೆ ಬಂದು ಥೈಮಸ್ ಎಂದು ನಾಮಕರಣವಾಯಿತು. ಒಬ್ಬನೇ ಒಬ್ಬ ಮಾಂಸ ತಿನ್ನುವವನನ್ನು ಕೇಳಿದ್ದರೂ ಸಾಕಿತ್ತು. ಕೇಳುವುದಿರಲಿ, ಅವನೇ ಹೇಳಿದರೂ ನಾವು ಕೇಳಲಿಲ್ಲ.

ಹನೀಫ್ ಭಾಯಿ ಎಳೆಯ ಮರಿಯೊಂದರ ಎದೆ ಬಿಡಿಸಿ ತೋರಿಸಿದ. ನಸುಬಿಳಿ, ಮೆತ್ತಗೆ, ಎದೆಯಿಂದ ಕೊರಳಿನ ಎರಡೂ ಕಡೆಗೆ ಹತ್ತಿದ್ದು. "ಬಚ್ಚೇ ಮೇ ಇತ್ನಾ. ಬಡಾ ಹುವಾ ತೋ ಖತಮ್." ಮರಿಯಲ್ಲಿ ಇಷ್ಟಿರುತ್ತದೆ, ಬೆಳೆದ ಮೇಲೆ ಕರಗಿ ಹೋಗುತ್ತದೆ. ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ. ನಾನು ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಆತ ಗ್ಲಾಸಿನಲ್ಲಿ ನೀರು ಕೊಟ್ಟ, ಕುಡಿದೆ. ಮತ್ತೆ ಬಂದು ನೋಡಿದೆ.

ಬರುವಾಗ ಆತ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಸಾಯಬಣ್ಣ ಕೋ ಮಾಲೂಮ್ ಥಾ. ಬೋಲತಾ ಥಾ, ಹಮಾರಾ ಸಾಬ್ ಲೋಗ್ ಸುನತಾ ನಹೀ." ಸಾಯಬಣ್ಣನಿಗೆ ಗೊತ್ತಿತ್ತು, ನಮ್ಮ ಸಾಹೇಬರು ಕೇಳುವುದಿಲ್ಲ ಅನ್ನುತ್ತಿದ್ದನಂತೆ.

11 ಮೇ, ಶನಿವಾರ

ಎರಡು ಸಲ ಸ್ನಾನ ಮಾಡಿದರೂ ವಾಸನೆ ಹೋಗಿಲ್ಲ. ಆದರೆ ನನಗೆ ನಾಚಿಕೆಯಾಗಿರುವುದು ವಾಸನೆಗಲ್ಲ. ಕಸಾಯಿಖಾನೆಯ ಶಾಸ್ತ್ರಿ ಅಂತ ನಕ್ಕೆನಲ್ಲ, ಇಡೀ ಬಂಗಲೆಯಲ್ಲಿ ಶಾಸ್ತ್ರ ಗೊತ್ತಿದ್ದವನು ಅವನೊಬ್ಬನೇ. ಸೋಮವಾರ ಸಾಹೇಬರಿಗೆ ಎಲ್ಲ ಹೇಳುತ್ತೇನೆ. ಸಾಯಬಣ್ಣ ಅವರಿಗೂ ಹೇಳಿದ್ದ, ನನಗೂ ಹೇಳಿದ್ದ ಅನ್ನುವುದನ್ನೂ ಸೇರಿಸಿ. ಪ್ರಬಂಧ ಹಾಳಾಗಿ ಹೋಗಲಿ.

13 ಮೇ, ಸೋಮವಾರ

ಹೇಳಿದೆ. ಸಾಹೇಬರ ಮುಖ ನೋಡಬೇಕಿತ್ತು. ಮೊದಲು ಥರ್ಮಾಸಿನ ಕಡೆ ನೋಡಿದರು, ಆಮೇಲೆ ತಮ್ಮ ಕೈ ಕಡೆ. ಎರಡು ವರ್ಷದಿಂದ ಏನು ಮುಟ್ಟುತ್ತಿದ್ದೇನೆ ಅಂತ ಇವತ್ತೇ ಗೊತ್ತಾದವರ ಹಾಗೆ. ಎದ್ದು ಸಾಬೂನು ಹಾಕಿ ಕೈ ತೊಳೆದುಕೊಂಡರು. ಥೈಮಸ್ ಆದರೆ ಮಡಿ, ಉಗುಳಿನ ಗಂಟಾದರೆ ಮೈಲಿಗೆ.

"ಬೀಕರಿನಾಗ ಬಂದ ಮ್ಯಾಲೆ ಎಲ್ಲಾ ಒಂದ ಬಣ್ಣ. ಯಾರಿಗೆ ಗೊತ್ತಾಗಬೇಕೋ?"

ಸಾಯಬಣ್ಣ ಮೊದಲೇ ಹೇಳಿದ್ದ ಅನ್ನುವ ಭಾಗಕ್ಕೆ ನಾನು ಬರುವ ಹೊತ್ತಿಗೆ ಫೋನು ಬಂತು. ಆಮೇಲೆ ಊಟದ ಹೊತ್ತಾಯಿತು. ನಾಳೆ ಹೇಳಿದರಾಯಿತು. ಸದ್ಯಕ್ಕೆ ಎರಡೂ ಗಂಟು ಇಟ್ಟುಕೊಂಡು ಪ್ರಯೋಗ ಮಾಡು ಅಂದಿದ್ದಾರೆ, ಅದೇ ದೊಡ್ಡದು.

22 ಮೇ, ಬುಧವಾರ

ಇಂಥ ದಿನ ಜನ್ಮಕ್ಕೊಂದು ಬರುತ್ತದೆ! ಎರಡು ಬೀಕರ್ ಪಕ್ಕಪಕ್ಕ. ನಿಜವಾದ ಥೈಮಸಿನ ಹಿಸ್ಟೋನಿನಲ್ಲಿ ಮೀಥೈಲ್ ಕೂತಿತು, ಮೂರು ತಾಸು, ಆರು ತಾಸು, ಅಲ್ಲಾಡಲಿಲ್ಲ. ಉಗುಳಿನ ಗಂಟಿನದರಲ್ಲಿ ಎಂದಿನಂತೆ ಅರ್ಧ ಮಾಯ. ಮಾಯವಾದದ್ದು ಎಲ್ಲಿ ಹೋಯಿತು ಅಂತ ಈ ಸಲ ಚೆಲ್ಲುವ ಮೊದಲು ತೊಳೆದ ನೀರನ್ನೂ ಎಣಿಸಿದೆ. ಎಲ್ಲ ಅಲ್ಲೇ ಇತ್ತು, ಮುರಿದ ಪ್ರೋಟೀನಿನ ಚೂರುಗಳಲ್ಲಿ. ಗುರುತು ಅಳಿದೇ ಇಲ್ಲ. ಆ ಗಂಟಿನೊಳಗಿನ ಜೀರ್ಣರಸ ಗುರುತಿದ್ದ ತುದಿಯನ್ನೇ ಕಡಿದು ಹೊರಗೆ ಹಾಕಿದೆ. ನಾವು ಅದನ್ನು ಶೋಧ ಅಂತ ಕರೆದೆವು.

ಬಂಗಲೆಯ ತೋಟದಲ್ಲಿ ಎರಡು ಸುತ್ತು ಓಡಿದೆ. ಮಾಲಿ ಹುಚ್ಚು ಹಿಡಿಯಿತೇ ಅಂತ ನೋಡಿದ.

ಸಾಹೇಬರು ಎಣಿಕೆಯನ್ನು ಎರಡು ಸಲ ಕೂಡಿಸಿ ನೋಡಿದರು. ಲೆಕ್ಕ ಒಪ್ಪಿದರು, ಅಷ್ಟರ ಮಟ್ಟಿಗೆ ದೊಡ್ಡವರು. "ಸಾರಾಂಶ ವಾಪಸ್ ತಗೋಬೇಕು. ಆದ್ರ ನಿರ್ದೇಶಕರಿಗೆ ಒಂದು ಕಾರಣ ಬೇಕಾಗತದ" ಅಂದರು. ಕಾರಣ ಇದೆಯಲ್ಲ, ನಿಮ್ಮ ಬೆರಳು ಅಂತ ನಾಲಿಗೆಯ ತುದಿಗೆ ಬಂತು. ನಾಲಿಗೆಯ ತುದಿಯಲ್ಲೇ ಕೂತಿತು.

28 ಮೇ, ಮಂಗಳವಾರ

ನಿನ್ನೆ ಮುಷ್ಕರ ಮುಗಿಯಿತು, ಇವತ್ತು ಸಾಯಬಣ್ಣ ಹಾಜರು. ಬಿಸಿಲಿಗೆ ಕರ್ರಗಾಗಿದ್ದಾನೆ. ನನಗೆ ಒಂದು ಡಬ್ಬಿ ಶೇಂಗಾ ಹಿಂಡಿ ತಂದಿದ್ದಾನೆ, ಹಾಲವ್ವ ಕುಟ್ಟಿದ ಚಟ್ನಿಪುಡಿ. "ಖೋಲ್ಯಾಗ ಒಣಾ ರೊಟ್ಟಿ ತಿಂತೀರಿ ಅಣ್ಣಾರ, ಅದಕ್ಕ." ನಾನು ದೇವನಾರಿಗೆ ಹೋಗಿದ್ದೆ ಅಂದಾಗ ಹಣೆ ಹಣೆ ಬಡಿದುಕೊಂಡು ನಕ್ಕ. "ಕೊರಳಾಗಿನ ಲಿಂಗಪ್ಪಗ ಏನಂತ ಹೇಳಿದ್ರಿ?" ಅಂದ.

ನೀನು ಹೇಳಿದ್ದೇ ಖರೆ ಸಾಯಬಣ್ಣ ಅಂದೆ. ಎರಡೂ ಕೈ ಅಂಗಿಗೆ ಒರೆಸಿಕೊಂಡು, "ಹಂಗಾದ್ರ ಕಾಯಂ ಆಗ್ತದಲ್ರೀ ಈಗ?" ಅಂತ ಕೇಳಿದ.

30 ಮೇ, ಗುರುವಾರ

ಕಾರಣ ಸಿಕ್ಕಿದೆ: 'ಅಟೆಂಡರನ ನಿರ್ಲಕ್ಷ್ಯದಿಂದ ತಪ್ಪು ಅಂಗ ಸರಬರಾಜಾದದ್ದು'. ಸಾಹೇಬರು ಟೈಪಾದ ಹಾಳೆ ತೋರಿಸಿ, ಚಹಾ ತರಿಸಿ, ನನ್ನ ಊರಿನ ಮಳೆ-ಬೆಳೆ ಕೇಳಿದರು. ಸಾಹೇಬರು ಮಳೆ ಕೇಳಿದರೆ ನಮ್ಮ ಹೊಲಕ್ಕೆ ಸಿಡಿಲು ಬಿತ್ತು ಅಂತಲೇ ಲೆಕ್ಕ.

"ಸೋಮವಾರ ವಿಚಾರಣಿ ಅದ. ನಿನ್ನೂ ಒಂದು ಮಾತು ಕೇಳತಾರ. ಡಿಸೆಂಬರಕ್ಕ ನಿನ್ನ ಥೀಸಿಸ್ ಮುಗಸೋಣು. ಹೊಸಾ ರಿಜಲ್ಟ್ ಛಲೋ ಅದ, ನಿಂದ ಹೆಸರು ಮೊದಲು ಹಾಕೋಣು."

ಮೊದಲು! ಕೆಟ್ಟ ಮನುಷ್ಯ. ಸೋಮವಾರ ಎಲ್ಲರ ಮುಂದೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಮೊದಲ ಹೆಸರಂತೆ.

3 ಜೂನ್, ಸೋಮವಾರ

ಇವತ್ತು ಬಹಳ ಸೆಕೆ. ಮೋಡ ಕಟ್ಟಿದೆ, ಮಳೆ ಇಲ್ಲ.

ವಿಚಾರಣೆ ಬೇಗ ಮುಗಿಯಿತು. ಆಡಳಿತ ವಿಭಾಗದ ಮೋನಪ್ಪ, ಉಡುಪಿ ಕಡೆಯವರು, ಗಡಿಯಾರ ನೋಡುತ್ತಲೇ ಕೇಳಿದರು. ಸಾಯಬಣ್ಣ ಎಲ್ಲರಿಗೂ ಹೇಳಿದ್ದೇನೆ ಅಂದ. ಸಾಹೇಬರು ತಮ್ಮ ಗಮನಕ್ಕೆ ಬಂದಿಲ್ಲ ಅಂದರು. ಆಗ ಸಾಯಬಣ್ಣ ನನ್ನ ಕಡೆ ಕೈ ತೋರಿಸಿ, "ಈ ಅಣ್ಣಾರಿಗಿ ಕೇಳ್ರಿ" ಅಂದ. ಎಷ್ಟು ಧೈರ್ಯವಾಗಿ ಅಂದನೆಂದರೆ, ಕುರ್ಚಿಯ ಮೇಲೆ ಹಿಂದಕ್ಕೆ ಒರಗಿ ಕೂತೇಬಿಟ್ಟ.

"ನಿಮಗೆ ಹೇಳಿದ್ದು ಉಂಟಾ ಇಲ್ವಾ ಮಾರಾಯ್ರೆ? ಒಂದು ಶಬ್ದ ಸಾಕು. ನನಗೆ ಊಟಕ್ಕೆ ಹೋಗ್ಲಿಕ್ಕುಂಟು."

ನಾನು, ನನ್ನ ಗಮನಕ್ಕೆ ಬಂದಿಲ್ಲ ಅಂದೆ. ಆ ಹೊತ್ತಿಗೆ ನನಗೆ ಸರಿಯಾಗಿ ನೆನಪಿರಲೂ ಇಲ್ಲ. ದಿನಕ್ಕೆ ನೂರು ಮಾತು ಆಡುತ್ತಾನೆ ಅವನು, ಯಾವುದಂತ ನೆನಪಿಡುವುದು?

ಸಂಜೆ ಫೋರ್ಟಿಗೆ ಹೋಗಿ ಉಡುಪಿ ಹೋಟೆಲಿನಲ್ಲಿ ಊಟ ಮಾಡಿದೆ. ಸಾರು ಚೆನ್ನಾಗಿರಲಿಲ್ಲ.

5 ಜೂನ್, ಬುಧವಾರ

ಸಾಯಬಣ್ಣನನ್ನು ತೆಗೆದಿದ್ದಾರೆ. ಟೆಂಪರರಿಯವನಾದ್ದರಿಂದ ಒಂದು ಸಾಲಿನ ಕಾಗದ ಸಾಕಾಯಿತು. ತಪ್ಪು ಅಂಗ ತಂದದ್ದು ಅವನ ಕೈ ಅನ್ನುವುದಂತೂ ಸುಳ್ಳಲ್ಲವಲ್ಲ. ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು ಅವನು. ಒಂದು ಚೀಟಿ ಬರೆಸಿ ಕೊಡಬಹುದಿತ್ತು.

ಯಾವ ದಿನ ಏನಾಗಿತ್ತು ಅಂತ ನೋಡಲು ಈ ಡೈರಿಯ ಮೊದಲ ಪುಟಗಳನ್ನು ತೆರೆದೆ. ಕೈಬರಹ ನನ್ನದೇ, ಸಾಯಬಣ್ಣ ಆಡಿದ್ದು ಮಾತಿಗೆ ಮಾತು ಇದೆ. ಹೀಗೆಲ್ಲ ಬರೆಯುವ ಚಟ ಒಳ್ಳೆಯದಲ್ಲ. ಹರಿದು ಒಗೆಯಲು ಮನಸ್ಸಾಗಲಿಲ್ಲ, ಹಿಸ್ಟೋನಿನ ಬಗ್ಗೆ ಅಲ್ಲಿ ಒಳ್ಳೆಯ ಮಾತು ಬರೆದಿದ್ದೇನೆ, ಪ್ರಬಂಧದ ಪೀಠಿಕೆಗೆ ಬರುತ್ತದೆ. ಆ ಹಾಳೆಗಳನ್ನು ಒಂದಕ್ಕೊಂದು ಸೇರಿಸಿ ಅಂಚಿಗೆ ಗೋಂದು ಹಚ್ಚಿದೆ. ಕಿಟಕಿಗೆ ಹಿಡಿದರೆ ಅಕ್ಷರದ ನೆರಳು ಕಾಣುತ್ತದೆ, ಓದಲು ಬರುವುದಿಲ್ಲ. ಲ್ಯಾಬಿನ ಗೋಂದು ಬಹಳ ಚೆನ್ನಾಗಿದೆ.

11 ಜೂನ್, ಮಂಗಳವಾರ

ನಿನ್ನೆ ಪ್ರೊಫೆಸರರ ಮುಂದೆ ನಾನೇ ಮಂಡಿಸಿದೆ. ಮೀಥೈಲ್ ಗುರುತು ಬಹಳ ಸ್ಥಿರ, ಎಲ್ಲಾದರೂ ಇಳಿತ ಕಂಡರೆ ಅದರಲ್ಲಿ ಪ್ರೋಟೀನಿನ ಕಡಿತದ ಪಾಲೆಷ್ಟು ಅಂತ ಎಲ್ಲರೂ ನೋಡಿಕೊಳ್ಳಬೇಕು, ಇತ್ಯಾದಿ. ತೊಳೆದ ನೀರನ್ನು ಎಣಿಸಿದ್ದು ಅವರಿಗೆ ಬಹಳ ಹಿಡಿಸಿತು. ಕೈ ಕುಲುಕಿದರು. ಎರಡೂ ಅಂಗಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಯೋಚನೆ ಹೇಗೆ ಬಂತು ಅಂತ ಕೇಳಿದರು. ಹಾಗೇ ಹೊಳೆಯಿತು ಅಂದೆ.

ಹೊಸ ಅಟೆಂಡರ್ ನಿಂಗಣ್ಣ ಅಂತ, ಐವತ್ತರ ಆಚೆಯವನು. ಏನೂ ಮಾತಾಡುವುದಿಲ್ಲ. ಒಳ್ಳೆಯ ಮನುಷ್ಯ.

18 ಜೂನ್, ಮಂಗಳವಾರ

ಮಳೆ ಹಿಡಿದಿದೆ. ಬೆಳಿಗ್ಗೆ ಹಾಲವ್ವ ತಲೆಯ ಮೇಲೆ ಗೋಣಿ ಹೊದ್ದು ಖೋಲಿಗೆ ಬಂದಳು. ಸಾಯಬಣ್ಣ ಮೂಲೆ ಹಿಡಿದು ಕೂತಿದ್ದಾನಂತೆ, ಯಾರ ಹತ್ತಿರವೂ ಮಾತಿಲ್ಲವಂತೆ. ಅವಳು ಬಿಲ್ಡಿಂಗ್ ಕೆಲಸಕ್ಕೆ ಸಿಮೆಂಟ್ ಹೊರಲು ಹೋಗುತ್ತಿದ್ದಾಳೆ. ಬೈಯಲು ಬಂದಳೇನೋ ಅಂದುಕೊಂಡೆ.

"ತಮ್ಮಾ, ಮ್ಯಾಲಿನ ಸಾಹೇಬ್ರಿಗಿ ಒಂದು ಅರ್ಜಿ ಬರದು ಕೊಡ್ರಿ. ನಮಗ ಅಕ್ಷರಾ ಬರಲ್ಲ. ನಿಮ್ಮ ಬಿಟ್ರ ಯಾರಿಗಿ ಕೇಳಬೇಕು ನಾವು?"

ನಾನು ಅವತ್ತು ಹೇಳಿದ ಮಾತು ಸಾಯಬಣ್ಣ ಹೆಂಡತಿಗೆ ಹೇಳಿಲ್ಲ. ಯಾಕೆ ಹೇಳಿಲ್ಲವೋ. ನಾಚಿಕೆಯೇ ಇರಬೇಕು, ಯಾರ ಪರವಾಗಿಯೋ ಗೊತ್ತಿಲ್ಲ.

ಎರಡು ತಾಸು ಕೂತು ಇಂಗ್ಲಿಷಿನಲ್ಲಿ ಬರೆದೆ. ಆರು ವರ್ಷದ ನಿಷ್ಠೆ, ಬಿಸಿಲು, ಮಳೆ, ಕುಟುಂಬದ ಸ್ಥಿತಿ, ಎಲ್ಲ ಬಂತು. "ಅವ ಎಲ್ಲಾರಿಗೂ ಮೊದಲ ಹೇಳಿದ್ದ ಅಂತ ಬರದೀರೇನ್ರೀ?" ಅಂತ ಕೇಳಿದಳು. ಬರೆದಿದ್ದೇನೆ ಅಂದೆ. ಬರೆದಿದ್ದೇನೆ ಕೂಡ: 'ಸಂಬಂಧಪಟ್ಟವರಿಗೆ ತಿಳಿಸಲಾಗಿತ್ತು'. ಹೆಸರುಗಳನ್ನು ಹಾಕಿದರೆ ಓದುವವರಿಗೆ ಸಿಟ್ಟು ಬರುತ್ತದೆ, ಸಾಯಬಣ್ಣನಿಗೇ ಕೆಡುಕು. ಅವನಿಗಾಗಿ ತಾನೇ ಹೆಬ್ಬೆಟ್ಟು ಒತ್ತುತ್ತೇನೆ ಅಂದಳು. ನಿಯಮದಂತೆ ಅವನದೇ ಬೇಕು ಅಂತ ಹೇಳಿ ಕಳಿಸಿದೆ, ಮಧ್ಯಾಹ್ನ ಒತ್ತಿಸಿಕೊಂಡು ಬಂದಳು. ಗುರುತು ಚೆನ್ನಾಗಿ ಮೂಡಿತ್ತು.

ಅರ್ಜಿ ಬಹಳ ಚೆನ್ನಾಗಿ ಬಂತು. ನನ್ನ ಇಂಗ್ಲಿಷ್ ಸುಧಾರಿಸಿದೆ.

9 ಜುಲೈ, ಮಂಗಳವಾರ

ಇವತ್ತು ಸಾಹೇಬರು ರಜೆಯ ಮೇಲೆ. ನಿಂಗಣ್ಣ ಬೀಕರ್ ತಂದಾಗ ಊದಿನಕಡ್ಡಿ ನಾನೇ ಹಚ್ಚಿದೆ. ವಾಸನೆಗೆ ತಲೆ ನೋಯುತ್ತದೆ, ಬೇರೇನಿಲ್ಲ.

ಸಾಯಬಣ್ಣನ ಅರ್ಜಿ ನಿರ್ದೇಶಕರಿಂದ ಮೋನಪ್ಪನವರಿಗೆ, ಮೋನಪ್ಪನವರಿಂದ ಸಾಹೇಬರಿಗೆ, 'ಅಭಿಪ್ರಾಯಕ್ಕಾಗಿ' ಅಂತ ಕೆಂಪು ಶಾಯಿಯಲ್ಲಿ ಬಂದಿದೆ. ಸಾಹೇಬರು ನಿನ್ನೆಯೇ ಅದರ ಮೇಲೆ ನನ್ನ ಹೆಸರು ಬರೆದು, ಉತ್ತರ ತಯಾರಿಸು ಅಂತ ಇಟ್ಟು ಹೋಗಿದ್ದಾರೆ. ನನ್ನ ಅಕ್ಷರ ಅವರಿಗೆ ಗುರುತು ಸಿಗಲಿಲ್ಲವೋ, ಸಿಕ್ಕಿತೋ, ಗೊತ್ತಿಲ್ಲ.

ಹೊರಗಿನವನ ಹಾಗೆ ಓದಿದೆ. ಎರಡು ಕಡೆ ವ್ಯಾಕರಣ ತಪ್ಪಿದೆ. ಇನ್ನೊಂದು ದೊಡ್ಡ ದೋಷ ಕಂಡಿತು, ಯಾರಿಗಾದರೂ ಕಾಣುವಂಥದು. ಅದನ್ನೇ ಬರೆದೆ: 'ವಿಷಯವನ್ನು ಯಾರಿಗೆ, ಯಾವ ದಿನ ತಿಳಿಸಿದ್ದನೆಂದು ಅರ್ಜಿದಾರನು ಎಲ್ಲಿಯೂ ಹೆಸರಿಸಿಲ್ಲ. ಆದ್ದರಿಂದ ಪರಿಗಣಿಸಲು ಆಧಾರವಿಲ್ಲ.' ಎರಡೇ ಸಾಲು. ಮೋನಪ್ಪನವರು ಓದಿ, "ಎಷ್ಟು ಕ್ಲೀನಾಗಿ ಬರೆದಿದ್ದೀರಿ ಮಾರಾಯ್ರೆ!" ಅಂದರು. ಫೈಲು ಮುಚ್ಚಿತು.

ಸಂಜೆ ಕೆಲಸದಿಂದ ಹಾಗೇ ಹಾಲವ್ವ ಬಂದಿದ್ದಳು, ಕೈಗೆಲ್ಲ ಸಿಮೆಂಟು. ಒಳಗೆ ಬಾ ಅಂದರೆ ನೆಲ ಹೊಲಸಾಗತದ ಅಂತ ಬಾಗಿಲಲ್ಲೇ ನಿಂತಳು.

"ಅರ್ಜಿ ಎಲ್ಲೀತನಾ ಬಂತ್ರೀ ತಮ್ಮಾ?"

"ಮೇಲಿನವರ ಕೈಯಾಗದ, ಹಾಲವ್ವ."

"ನೀವು ಬರದೀರಿ ಅಂದ ಮ್ಯಾಲ ಆಗೇ ಆಗ್ತದ. ನಮ್ಮಾಂವಗೂ ಅದೇ ಹೇಳೀನಿ. ದೇವರು ನಿಮಗ ಛಲೋ ಇಡ್ಲಿ."

ಹಿಂಡಿ ಹೋದ ವಾರವೇ ಮುಗಿದಿತ್ತು. ಡಬ್ಬಿ ವಾಪಸು ಕೊಟ್ಟೆ, ತೊಳೆದೇ ಕೊಟ್ಟೆ. ಮುಂದಿನ ಸಲ ಮತ್ತೆ ತುಂಬಿಸಿ ತರುತ್ತೇನೆ ಅಂದಳು.